ಸ್ಕ್ಯಾನರ್ ಬೀಪ್ ಅನ್ನುತ್ತದೆ, ಬಿಲ್ಲಿನಲ್ಲಿ ಮಾತ್ರ ತಪ್ಪು ಅಕ್ಷರ: ಎಲ್ಲಿ ಹುಡುಕಬೇಕು?

ಬೀಪ್ ಸದ್ದು ಬಂತೆಂದರೆ ಬಾರ್‌ಕೋಡ್ ಓದಿ ಆಯಿತು. ಆಮೇಲೂ ಪರದೆಯಲ್ಲಿ ಏನೇನೋ ಮೂಡಿದರೆ ದೋಷ ಬಹುಪಾಲು ಕಂಪ್ಯೂಟರಿನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿರುತ್ತದೆ. ಯುಎಸ್‌ಬಿ ಸ್ಕ್ಯಾನರ್ ಸಾಮಾನ್ಯವಾಗಿ ತಾನೊಂದು ಕೀಬೋರ್ಡ್ ಎಂದೇ ಹೇಳಿಕೊಳ್ಳುತ್ತದೆ. ಅದು ಕಳಿಸುವುದು ಅಕ್ಷರವನ್ನಲ್ಲ, ಯಾವ ಜಾಗದ ಕೀ ಒತ್ತಿದಂತಾಯಿತು ಎಂಬ ಸಂಖ್ಯೆಯನ್ನು. ಆ ಕೀಗೆ ಯಾವ ಅಕ್ಷರ ಎಂದು ತೀರ್ಮಾನಿಸುವುದು ವಿಂಡೋಸ್, ಮ್ಯಾಕ್ ಅಥವಾ ಲಿನಕ್ಸ್. ಹಾಗಾಗಿ ಹೊಸ ಸ್ಕ್ಯಾನರಿಗೆ ದುಡ್ಡು ಹಾಕಲು ಅವಸರ ಮಾಡಬೇಡಿ.

ಮೊದಲು ಬಿಲ್ಲಿಂಗ್ ತಂತ್ರಾಂಶ ಮುಚ್ಚಿ, ನೋಟ್‌ಪ್ಯಾಡ್ ತೆರೆದು ಸ್ಕ್ಯಾನ್ ಮಾಡಿ. ಗೇರುಬೀಜದ ಪ್ಯಾಕೆಟ್ ಮೇಲಿನ, 890ರಿಂದ ಶುರುವಾಗುವ 13 ಅಂಕಿಯ ಕೋಡ್ ಒಂದೇ ಸಾಲದು. ಬರೀ ಅಂಕಿ ಇರುವಲ್ಲಿ ಲೇಔಟ್, ಅಂದರೆ ಯಾವ ಕೀಗೆ ಯಾವ ಅಕ್ಷರ ಎಂಬ ಜೋಡಣೆಯ ದೋಷ ಅಡಗಿಬಿಡುತ್ತದೆ. ದೊಡ್ಡಕ್ಷರ, ಸಣ್ಣಕ್ಷರ, ಅಡ್ಡಗೆರೆ, ಅಟ್ ಚಿಹ್ನೆ (@) ಎಲ್ಲ ಇರುವ ಕೋಡ್ 128 (ಅಕ್ಷರ, ಚಿಹ್ನೆಗಳನ್ನೂ ಹಿಡಿಯುವ ಬಾರ್‌ಕೋಡ್ ಬಗೆ) ಲೇಬಲ್ ಒಂದನ್ನು ಮುದ್ರಿಸಿ ಕೌಂಟರಿನಲ್ಲೇ ಇಟ್ಟುಕೊಳ್ಳಿ. ಅಟ್ ಚಿಹ್ನೆಯ ಜಾಗದಲ್ಲಿ ಉದ್ಧರಣ ಚಿಹ್ನೆ ಬಂದರೆ ಕಂಪ್ಯೂಟರಿನಲ್ಲಿ ಬ್ರಿಟಿಷ್ ಲೇಔಟ್ ಇದೆ, ಸ್ಕ್ಯಾನರ್ ಅಮೆರಿಕನ್ ಲೇಔಟ್‌ನಲ್ಲಿದೆ ಎಂದರ್ಥ. ದೊಡ್ಡದು ಸಣ್ಣದಾಗಿ, ಸಣ್ಣದು ದೊಡ್ಡದಾಗಿ ಬಂದರೆ ಕ್ಯಾಪ್ಸ್ ಲಾಕ್ ನೋಡಿ. ಬೀಪ್ ಬಂದೂ ಏನೂ ಮೂಡದಿದ್ದರೆ ಸ್ಕ್ಯಾನರ್ ಸೀರಿಯಲ್ ಪೋರ್ಟ್ ವಿಧಾನದಲ್ಲಿರಬಹುದು. ಕೈಪಿಡಿಯಲ್ಲಿರುವ ಯುಎಸ್‌ಬಿ ಕೀಬೋರ್ಡ್ ಕೋಡನ್ನು (ಸ್ಕ್ಯಾನರಿನ ಸೆಟ್ಟಿಂಗ್ ಬದಲಿಸುವ ಬಾರ್‌ಕೋಡ್) ಸ್ಕ್ಯಾನ್ ಮಾಡಿ.

ನಮ್ಮ ಕಡೆ ಅತಿ ಹೆಚ್ಚು ತೊಂದರೆ ಕೊಡುವುದು ಕನ್ನಡ ಟೈಪಿಂಗ್. ಮಂಗಳೂರು ಹಂಪನಕಟ್ಟೆಯ ಅಂಗಡಿಯಿರಲಿ, ಮಣಿಪಾಲದ ಕಾಲೇಜು ಗ್ರಂಥಾಲಯವಿರಲಿ, ಇಂಗ್ಲಿಷ್ ಬಿಲ್ಲಿಗೂ ಕನ್ನಡ ಪತ್ರಕ್ಕೂ ಒಂದೇ ಕಂಪ್ಯೂಟರ್ ಇದ್ದರೆ ಇದು ಆಗಿಯೇ ಆಗುತ್ತದೆ. ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಬೋರ್ಡ್ ಲೇಔಟ್ ಆನ್ ಇದ್ದಾಗ ಎಲ್, ಐ, ಕೆ ಎಂಬ ದೊಡ್ಡಕ್ಷರಗಳ ಲೇಬಲ್ 'ಥಘಖ' ಎಂದು ಬರುತ್ತದೆ, ಸಣ್ಣಕ್ಷರವಾದರೆ 'ತಗಕ'. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬದಲಿಸಿ. ವಿಂಡೋಸ್ 11ರಲ್ಲಿ ಟೈಪಿಂಗ್ ಸೆಟ್ಟಿಂಗ್‌ನ ಅಡ್ವಾನ್ಸ್ಡ್ ಕೀಬೋರ್ಡ್ ವಿಭಾಗಕ್ಕೆ ಹೋಗಿ, ಪ್ರತಿ ವಿಂಡೋಗೂ ಬೇರೆ ಇನ್‌ಪುಟ್ ಎಂಬುದಕ್ಕೆ ಗುರುತು ಹಾಕಿದರೆ ಬಿಲ್ಲಿಂಗ್ ವಿಂಡೋ ಇಂಗ್ಲಿಷಿನಲ್ಲೇ ನಿಲ್ಲುತ್ತದೆ.

ಇಲ್ಲಿ ಹಲವರು ಎಡವುವ ಜಾಗವೊಂದಿದೆ. ಟಾಸ್ಕ್‌ಬಾರ್ ಇಂಗ್ಲಿಷ್ ಎಂದು ತೋರಿಸುತ್ತಿದ್ದರೂ ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಹಿನ್ನೆಲೆಯಲ್ಲಿ ಆನ್ ಇರಬಹುದು. ಅವು ವಿಂಡೋಸ್ ಲೇಔಟ್‌ಗೆ ಹೊರತಾಗಿ ಕೀಗಳನ್ನು ನಡುವೆಯೇ ಹಿಡಿಯುತ್ತವೆ. ಅವನ್ನು ಪೂರ್ತಿ ಮುಚ್ಚಿ ಮತ್ತೆ ಸ್ಕ್ಯಾನ್ ಮಾಡಿ ನೋಡಿ.

ಲೇಔಟ್ ಬದಲಿಸುವುದು ಸಿಬ್ಬಂದಿಗೆ ಪದೇಪದೇ ಮರೆತುಹೋದರೆ ಸ್ಕ್ಯಾನರಿನ ಆಲ್ಟ್ ವಿಧಾನ ಬಳಸಬಹುದು. ಆಗ ಪ್ರತಿ ಅಕ್ಷರವೂ ಆಲ್ಟ್ ಕೀ ಮತ್ತು ನಂಬರ್ ಪ್ಯಾಡಿನ ಸಂಖ್ಯೆಯಾಗಿ ಹೋಗುವುದರಿಂದ ಯಾವ ಲೇಔಟ್ ಇದ್ದರೂ ಲೆಕ್ಕಕ್ಕಿಲ್ಲ. ಆದರೆ ಇದು ನಿಧಾನ, ಮತ್ತು ವಿಂಡೋಸ್‌ಗೆ ಮಾತ್ರ. ಅದೇ ಸ್ಕ್ಯಾನರನ್ನು ಮ್ಯಾಕ್‌ಗೆ ಚುಚ್ಚಿದರೆ ಕಸ ಬರುತ್ತದೆ.

ಮ್ಯಾಕ್‌ನಲ್ಲಿ ಸ್ಕ್ಯಾನರ್ ಚುಚ್ಚಿದೊಡನೆ, ಎಡ ಶಿಫ್ಟ್ ಪಕ್ಕದ ಕೀ ಒತ್ತಿ ಎಂದು ಕೀಬೋರ್ಡ್ ಸಹಾಯಕ ಕೇಳುವುದುಂಟು. ಸ್ಕ್ಯಾನರಿನಲ್ಲಿ ಅಂಥ ಕೀ ಎಲ್ಲಿದೆ? ಆ ಕಿಟಕಿ ಮುಚ್ಚಿ, ಇಲ್ಲವೇ ಆನ್ಸಿ (ಅಮೆರಿಕನ್ ಮಾದರಿಯ ಕೀಬೋರ್ಡ್) ಆಯ್ಕೆ ಮಾಡಿ. ಉಬುಂಟುವಿನಲ್ಲಿ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯ ಮೂಲಕ ಕನ್ನಡ ಟೈಪ್ ಮಾಡುವವರಿಗೆ ಅಕ್ಷರ ಹಾರಿಹೋಗುವ ಅಥವಾ ಹಿಂದುಮುಂದಾಗುವ ತೊಂದರೆ ಕಾಣಬಹುದು. ಬಿಲ್ಲಿಂಗ್ ವೇಳೆ ಇಂಗ್ಲಿಷ್ ಲೇಔಟ್ ಇಟ್ಟುಕೊಳ್ಳಿ. ಸ್ಕ್ಯಾನರ್ ನಿಜವಾಗಿ ಯಾವ ಕೀ ಕಳಿಸುತ್ತಿದೆ ಎಂದು ಟರ್ಮಿನಲ್‌ನ ಇವಿಟೆಸ್ಟ್ ಆದೇಶ ತೋರಿಸುತ್ತದೆ. ಅಲ್ಲಿ ಸರಿಯಿದ್ದರೆ ಸ್ಕ್ಯಾನರ್ ನಿರಪರಾಧಿ. ಆಂಡ್ರಾಯ್ಡ್ ಫೋನಿಗೆ ಬ್ಲೂಟೂತ್ ಸ್ಕ್ಯಾನರ್ ಸೇರಿಸಿದಾಗ ತೆರೆಯ ಕೀಬೋರ್ಡ್ ಮಾಯವಾದರೆ, ಫಿಸಿಕಲ್ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಅದನ್ನು ತೋರಿಸುವ ಸ್ವಿಚ್ ಆನ್ ಮಾಡಿ.

ಉದ್ದದ ಕೋಡಿನ ನಡುವೆ ಒಂದೆರಡು ಅಕ್ಷರ ಬಿಟ್ಟುಹೋಗುತ್ತಿದ್ದರೆ ಸ್ಕ್ಯಾನರಿನ ವೇಗ ತಗ್ಗಿಸಬೇಕು. ರಿಮೋಟ್ ಡೆಸ್ಕ್‌ಟಾಪ್, ಬ್ರೌಸರಿನ ಬಿಲ್ಲಿಂಗ್ ಇವುಗಳಲ್ಲಿ ಇದು ಮಾಮೂಲು. ಕೈಪಿಡಿಯಲ್ಲಿ ಅಕ್ಷರಗಳ ನಡುವಿನ ವಿಳಂಬದ ಕೋಡುಗಳಿರುತ್ತವೆ. 5 ಮಿಲಿಸೆಕೆಂಡಿನಿಂದ ಶುರುಮಾಡಿ, ಸಾಲದಿದ್ದರೆ 10, 20 ಎಂದು ಏರಿಸಿ. ಸ್ಕ್ಯಾನ್ ಮಾಡಿದಾಗಲೆಲ್ಲ ಕ್ರೋಮ್‌ನಲ್ಲಿ ಡೌನ್‌ಲೋಡ್ ಪುಟ ತೆರೆದುಕೊಂಡರೆ, ಕೊನೆಯಲ್ಲಿ ಹೋಗುತ್ತಿರುವುದು ಎಂಟರ್ ಅಲ್ಲ, ಲೈನ್ ಫೀಡ್ ಎಂಬ ಹೊಸ ಸಾಲಿನ ಸಂಕೇತ. ಕಂಟ್ರೋಲ್ ಮತ್ತು ಜೆ ಒತ್ತಿದಂತೆ ಅದು ನಡೆದುಕೊಳ್ಳುತ್ತದೆ. ಕೊನೆಗೆ ಕ್ಯಾರೇಜ್ ರಿಟರ್ನ್, ಅಂದರೆ ಎಂಟರ್ ಸೇರಿಸುವ ಕೋಡ್ ಹಾಕಿ. ಎಕ್ಸೆಲ್‌ನಲ್ಲಿ 13 ಅಂಕಿ ಮುರಿದು 'ಇ' ಅಕ್ಷರ ಸೇರಿಕೊಂಡರೆ ಅದು ಸ್ಕ್ಯಾನರಿನ ತಪ್ಪಲ್ಲ. ಸ್ಕ್ಯಾನ್ ಮಾಡುವ ಮೊದಲೇ ಆ ಕಾಲಮ್ಮನ್ನು ಟೆಕ್ಸ್ಟ್ ಮಾಡಿಡಿ, ಸಂಖ್ಯೆಯ ಶುರುವಿನಲ್ಲಿರುವ ಸೊನ್ನೆಗಳೂ ಉಳಿಯುತ್ತವೆ.

ಕರಾವಳಿಯ ಮಳೆಗಾಲದಲ್ಲಿ ಇನ್ನೊಂದು ಕಾಟ: ತೇವಕ್ಕೂ ಉಪ್ಪುಗಾಳಿಗೂ ಕೇಬಲ್ ತುದಿಯ ಲೋಹ ಕಪ್ಪಾಗಿ ಸ್ಕ್ಯಾನರ್ ಆಗಾಗ ಸಂಪರ್ಕ ಕಳೆದುಕೊಳ್ಳುತ್ತದೆ. ಹಿಡಿಕೆಯ ಬುಡದ ಪ್ಲಗ್ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಒರೆಸಿ, ಹಬ್ ತೆಗೆದು ನೇರ ಸಿಪಿಯು ಹಿಂಬದಿಯ ಪೋರ್ಟ್‌ಗೆ ಹಾಕಿ.

ಫ್ಯಾಕ್ಟರಿ ರಿಸೆಟ್ ಕೋಡ್ ಕೊನೆಯ ಉಪಾಯ, ಏಕೆಂದರೆ ಅದು ನೀವು ಹಾಕಿದ ಎಂಟರ್, ವಿಳಂಬ ಎಲ್ಲವನ್ನೂ ಅಳಿಸುತ್ತದೆ. ರಿಸೆಟ್ ಆದ ಬಳಿಕ ಯುಎಸ್‌ಬಿ ಕೀಬೋರ್ಡ್, ಅಮೆರಿಕನ್ ಲೇಔಟ್, ಕೊನೆಗೆ ಎಂಟರ್ ಎಂಬ ಕ್ರಮದಲ್ಲಿ ಮೂರು ಕೋಡ್ ಸ್ಕ್ಯಾನ್ ಮಾಡಿ, ಕೌಂಟರಿನಲ್ಲಿಟ್ಟ ಕೋಡ್ 128 ಲೇಬಲ್ಲನ್ನು ಮತ್ತೆ ನೋಟ್‌ಪ್ಯಾಡಿನಲ್ಲಿ ಪರೀಕ್ಷಿಸಿ.