365 ಓಟು ಬಿದ್ದರೂ ಕಾನೂನಾಗದ ಮಸೂದೆ

ನಾನು ಮೊದಲ ಮನವಿ ಬರೆದಿದ್ದು ಶ್ವೇತಭವನಕ್ಕೆ. 2012ರ ಮಾತು. ಅಮೆರಿಕದ ಅಧ್ಯಕ್ಷರು ಮನಸ್ಸು ಮಾಡಿದರೆ ಗ್ರೀನ್ ಕಾರ್ಡಿಗೆ, ಅಂದರೆ ಇಲ್ಲೇ ಕಾಯಂ ನೆಲೆಸುವ ಪರವಾನಗಿಗೆ, ಕಾಯುವ ನಮ್ಮ ಸಾಲು ಕರಗುತ್ತದೆ ಅಂತ ಗಟ್ಟಿಯಾಗಿ ನಂಬಿದ್ದೆ. ಎರಡು ವರ್ಷ ಪತ್ರ ಬರೆದೆ, ಸಹಿ ಸಂಗ್ರಹ ಮಾಡಿದೆ. ತಟ್ಟಿದ ಬಾಗಿಲೇ ಬೇರೆ ಅಂತ ಗೊತ್ತಾಗಿದ್ದು ಆಮೇಲೆ.

ವಿಷಯ ಇಷ್ಟು. ಉದ್ಯೋಗದ ಆಧಾರದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಹೆಂಡತಿ ಮಕ್ಕಳೂ ಆ ಲೆಕ್ಕದಲ್ಲೇ ಬರುತ್ತಾರೆ. ಒಂದು ದೇಶದವರಿಗೆ ಸಾಮಾನ್ಯವಾಗಿ 7%ಕ್ಕಿಂತ ಜಾಸ್ತಿ ಇಲ್ಲ. ಭಾರತಕ್ಕೂ ಅಷ್ಟೇ, ಐಸ್‌ಲೆಂಡಿಗೂ ಅಷ್ಟೇ. ಇದು 1990ರ ಕಾನೂನಿನಲ್ಲಿ ಬರೆದಿರುವ ಸಂಖ್ಯೆ. ಅಧ್ಯಕ್ಷರ ಸಹಿಯೊಂದರಿಂದ ಇದು ಬದಲಾಗುವುದಿಲ್ಲ. ಇಲ್ಲಿನ ಸಂಸತ್ತಾದ ಕಾಂಗ್ರೆಸ್ಸೇ ಬದಲಾಯಿಸಬೇಕು.

2013ರಲ್ಲಿ ಆ ಕಾಂಗ್ರೆಸ್ಸನ್ನು ಹತ್ತಿರದಿಂದ ನೋಡಿದೆ. ವಲಸೆ ಸುಧಾರಣೆಯ ದೊಡ್ಡ ಮಸೂದೆ ಮೇಲ್ಮನೆ ಸೆನೆಟ್‌ನಲ್ಲಿ 68-32ರಿಂದ ಪಾಸಾಯಿತು. ಅಧ್ಯಕ್ಷ ಒಬಾಮಾ ಸಹಿ ಹಾಕಲು ಸಿದ್ಧರಿದ್ದರು. ಕೆಳಮನೆ ಹೌಸ್ ಮಾತ್ರ ರಿಪಬ್ಲಿಕನ್ನರ ಕೈಯಲ್ಲಿತ್ತು. ಸ್ಪೀಕರ್ ಜಾನ್ ಬೇನರ್ ಅದನ್ನು ಓಟಿಗೇ ತರಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗಾಯಿತು.

ಅಧ್ಯಕ್ಷರು ಏನೂ ಮಾಡಲಿಲ್ಲ ಅಂತ ನಾನು ಹೇಳುವುದಿಲ್ಲ. ಕಾನೂನು ಸಿಗದಿದ್ದಾಗ ಅವರ ಆಡಳಿತ ನಿಯಮದ ದಾರಿ ಹಿಡಿಯಿತು. ಎಚ್‌-1ಬಿ ಎಂಬ ಕೆಲಸದ ವೀಸಾದಲ್ಲಿದ್ದು ಗ್ರೀನ್ ಕಾರ್ಡಿನ ಮೊದಲ ಹಂತಗಳನ್ನು ದಾಟಿದವರ ಸಂಗಾತಿಗಳಿಗೆ 2015ರ ಮೇ 26ರಿಂದ ಕೆಲಸ ಮಾಡುವ ಅನುಮತಿ ಸಿಕ್ಕಿತು. ನನ್ನ ಹೆಂಡತಿ ದಾವಣಗೆರೆಯಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವಳು. ಇಲ್ಲಿಗೆ ಬಂದು ಏಳು ವರ್ಷ ಮನೆಯಲ್ಲೇ ಕೂತಿದ್ದಳು. ಆ ಕಾರ್ಡ್ ಅಂಚೆಯಲ್ಲಿ ಬಂದ ದಿನ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ಆದರೆ ನಿಯಮದ ಆಯುಸ್ಸು ಇಷ್ಟೇ ಅಂತ ಹೇಳಲಾಗದು. ಜಾರಿಗೆ ಬರುವ ಮೊದಲೇ ಅದರ ಮೇಲೆ ಕೇಸು ಬಿತ್ತು. ಮುಂದಿನ ಆಡಳಿತ ಅದನ್ನು ತೆಗೆದುಹಾಕುವ ಪ್ರಸ್ತಾಪ ಇಟ್ಟಿತು. 2021ರಲ್ಲಿ ಆ ಪ್ರಸ್ತಾಪ ವಾಪಸಾಗುವ ತನಕ ಪ್ರತಿ ಸಲ ಕಾರ್ಡ್ ನವೀಕರಿಸುವಾಗಲೂ ಮನೆಯಲ್ಲಿ ಮಾತು ಕಡಿಮೆಯಾಗುತ್ತಿತ್ತು.

ಹಾಗಾಗಿ 2017ರಿಂದ ನಾನು ಶ್ವೇತಭವನ ಬಿಟ್ಟು ಕಾಂಗ್ರೆಸ್ಸಿನ ಕಾರಿಡಾರು ಹಿಡಿದೆ. ರಜೆ ಹಾಕಿ, ಗೆಳೆಯರ ಜೊತೆ ಸೇರಿ, ವಾಷಿಂಗ್ಟನ್‌ಗೆ ಹೋಗೋದು. ಕಲಿತಿದ್ದನ್ನು ಹೇಳ್ತೀನಿ, ಇನ್ನೊಬ್ಬರಿಗೆ ಉಪಯೋಗ ಆಗಬಹುದು.

ಸಂಸದರು ಸಿಗುತ್ತಾರೆ ಅಂತ ಹೋಗಬಾರದು. ಸಿಗುವುದು ಸ್ಟಾಫರ್, ಅಂದರೆ ಅವರ ಕಚೇರಿಯ ಸಹಾಯಕರು, ಹೆಚ್ಚಿನ ಸಲ ಇಪ್ಪತ್ತೈದರ ಆಸುಪಾಸಿನ ಹುಡುಗ ಅಥವಾ ಹುಡುಗಿ. ಕೈಯಲ್ಲಿ ನೋಟ್‌ಬುಕ್. ಹದಿನೈದು ನಿಮಿಷ. ಎಷ್ಟೋ ಸಲ ಕೂರಲು ಜಾಗ ಇರುವುದಿಲ್ಲ, ಕಾರಿಡಾರಿನಲ್ಲೇ ನಿಂತು ಮಾತು. ಗೋಡೆ ಗಡಿಯಾರದ ಸಣ್ಣ ದೀಪಗಳು ಹತ್ತಿ ಗಂಟೆ ಬಾರಿಸಿತೋ, ಓಟಿನ ಸಮಯ ಅಂತ ಅರ್ಥ. ನಮ್ಮ ಮಾತು ಅರ್ಧಕ್ಕೇ ನಿಲ್ಲುತ್ತದೆ. ಆದರೂ ಆ ನೋಟ್‌ಬುಕ್ಕಿನಲ್ಲಿ ಬರೆದಿದ್ದೇ ಒಳಗೆ ಹೋಗುವುದು. ಅದನ್ನು ಹಗುರವಾಗಿ ನೋಡಬೇಡಿ.

ಮೊದಲ ಸಲ ನಾನು ನಲವತ್ತು ಪುಟದ ಫೈಲ್ ಒಯ್ದಿದ್ದೆ. ಯಾರೂ ತೆರೆಯಲಿಲ್ಲ. ಎರಡನೇ ಸಲದಿಂದ ಒಂದೇ ಹಾಳೆ. ಮೇಲ್ಗಡೆ ನಮ್ಮ ಪಿನ್‌ಕೋಡ್, ಯಾಕೆಂದರೆ ಅವರು ಮೊದಲು ಕೇಳುವುದೇ ಅದನ್ನು, ನೀವು ನಮ್ಮ ಕ್ಷೇತ್ರದವರಾ ಅಂತ. ಕೆಳಗೆ ಮಸೂದೆಯ ಸಂಖ್ಯೆ, ನಮ್ಮ ಒಂದು ಕೋರಿಕೆ, ಮಗಳ ಕಥೆ ನಾಲ್ಕು ಸಾಲಿನಲ್ಲಿ. ನಮಗೆ ಓಟಿಲ್ಲ, ಅಲ್ವಾ? ಅದಕ್ಕೆ ಪಕ್ಕದ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗುತ್ತಿದ್ದೆ. ಇಲ್ಲೇ ಹುಟ್ಟಿ ಬೆಳೆದವರು, ಅದೇ ಕ್ಷೇತ್ರದ ಮತದಾರರು. "ಈ ಹುಡುಗಿ ನಮ್ಮ ಕಣ್ಣೆದುರು ಬೆಳೆದವಳು" ಅಂತ ಅವರು ಒಂದು ಮಾತು ಹೇಳಿದರೆ ನನ್ನ ಹತ್ತು ಅಂಕಿ ಅಂಶಕ್ಕೆ ಸಮ.

ಇನ್ನೊಂದು ಪಾಠ ಕಲಿಸಿದ್ದು ಒಬ್ಬ ಸ್ಟಾಫರ್. ನನ್ನ ಹಾಳೆಯಲ್ಲಿ ಅಧ್ಯಕ್ಷರ ಮಾತೊಂದನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೆ. ಆತ ಪೆನ್ನಿಂದ ಅದರ ಸುತ್ತ ಗೆರೆ ಎಳೆದು, ಇದನ್ನು ತೆಗೆಯಿರಿ ಅಂದ. ಅಧ್ಯಕ್ಷರ ಹೆಸರು ಅಂಟಿದ ಕೂಡಲೇ ಅದು ಒಂದು ಪಕ್ಷದ ಮಸೂದೆ ಆಗುತ್ತದೆ, ಇನ್ನೊಂದು ಪಕ್ಷದವರಿಗೆ ಹೂಂ ಅನ್ನುವುದು ಕಷ್ಟ ಅಂತ ವಿವರಿಸಿದ. ಅಧ್ಯಕ್ಷರು ಗಟ್ಟಿಯಾಗಿ ಮಾತಾಡಿದರೆ ಸಾಕು, ಗೋಡೆ ಬೀಳುತ್ತದೆ ಅಂತ ನಾವೆಲ್ಲ ಅಂದುಕೊಳ್ತೀವಿ. ಕೆಲವೊಮ್ಮೆ ಅದೇ ಮಾತು ಗೋಡೆಗೆ ಇನ್ನೊಂದು ಸಾಲು ಇಟ್ಟಿಗೆ ಇಡುತ್ತದೆ. ಅಂದಿನಿಂದ ನನ್ನ ಹಾಳೆಯಲ್ಲಿ ಯಾವ ಅಧ್ಯಕ್ಷರ ಹೆಸರೂ ಇಲ್ಲ.

2019ರ ಜುಲೈ 10. ದೇಶವಾರು ಮಿತಿ ತೆಗೆಯುವ ಮಸೂದೆ ಹೌಸ್‌ನಲ್ಲಿ 365-65ರಿಂದ ಪಾಸಾಯಿತು. ಡೆಮಾಕ್ರಟಿಕ್ ಪಕ್ಷದ ಜೋ ಲೋಫ್‌ಗ್ರೆನ್, ರಿಪಬ್ಲಿಕನ್ ಪಕ್ಷದ ಕೆನ್ ಬಕ್ ಜೊತೆಯಾಗಿ ತಂದಿದ್ದು. ಸೆನೆಟ್‌ನಲ್ಲಿ ರಿಪಬ್ಲಿಕನ್ ಮೈಕ್ ಲೀ, ಡೆಮಾಕ್ರಟ್ ಕಮಲಾ ಹ್ಯಾರಿಸ್ ಅದೇ ಉದ್ದೇಶದ ಮಸೂದೆ ಇಟ್ಟಿದ್ದರು. ಎತ್ತು ಏರಿಗೆ ಕೋಣ ನೀರಿಗೆ ಅನ್ನುವ ಆ ಕಾಲದಲ್ಲಿ ಇಬ್ಬರೂ ಒಂದೇ ಕಡೆ ಎಳೆದಿದ್ದರು. ನಾವು ಮನೆಯಲ್ಲಿ ಹೋಳಿಗೆ ಮಾಡಿದೆವು.

ಆದರೆ ಸೆನೆಟ್‌ನಲ್ಲಿ ಸರ್ವಾನುಮತದ ದಾರಿ ಹಿಡಿದರೆ ಒಬ್ಬರು ಬೇಡ ಅಂದರೂ ನಿಲ್ಲುತ್ತದೆ. ಮೊದಲು ರಿಪಬ್ಲಿಕನ್ ರ‍್ಯಾಂಡ್ ಪಾಲ್ ತಡೆದರು, ನರ್ಸ್‌ಗಳಿಗೆ ಪಾಲು ಬೇಕು ಅಂತ. ಅದು ಬಗೆಹರಿಯಿತು. ಆಮೇಲೆ ಡೆಮಾಕ್ರಟ್ ಡಿಕ್ ಡರ್ಬಿನ್ ಆಕ್ಷೇಪ ಎತ್ತಿದರು. ಸಾಲು ಹಂಚಿದರೆ ಸಾಲದು, ಒಟ್ಟು ಸಂಖ್ಯೆಯೇ ಹೆಚ್ಚಬೇಕು ಅನ್ನುವುದು ಅವರ ವಾದ. ನನಗೆ ಸಿಟ್ಟು ಬಂದಿತ್ತು. ಆದರೆ ಒಮ್ಮೆ ಸೆನೆಟ್ ಕಟ್ಟಡದ ಕಾರಿಡಾರಿನಲ್ಲಿ ನಮ್ಮ ಮಸೂದೆಯನ್ನು ವಿರೋಧಿಸಲು ಬಂದಿದ್ದ ಇರಾನಿನ ಇಂಜಿನಿಯರ್ ಒಬ್ಬರು ಸಿಕ್ಕರು. ನಿಮ್ಮ ಸಾಲು ಮುಂದೆ ಹೋದರೆ ನಮ್ಮದು ಹಿಂದೆ ಬೀಳುತ್ತದೆ ಅಂದರು. ಸುಳ್ಳಲ್ಲ. ಡರ್ಬಿನ್ ವಾದದಲ್ಲಿ ಹುರುಳಿದೆ ಅಂತ ಅವತ್ತು ಒಪ್ಪಿಕೊಂಡೆ.

2020ರ ಡಿಸೆಂಬರ್ 2ರಂದು, ಮಾತುಕತೆ ಮೇಲೆ ಮಾತುಕತೆ ಆಗಿ, ಸೆನೆಟ್ ಸರ್ವಾನುಮತದಿಂದ ಒಪ್ಪಿತು. ನಾನು ಅದನ್ನು ಟಿವಿಯಲ್ಲಿ ನೋಡಿದೆ. ಖಾಲಿ ಸಭಾಂಗಣ, ಒಂದೆರಡು ನಿಮಿಷದ ಕೆಲಸ. ಆಕ್ಷೇಪ ಯಾರಿಂದಲೂ ಬರಲಿಲ್ಲ. ಹೆಂಡತಿ ಅಳುತ್ತಿದ್ದಳು.

ಆದರೆ ಅಷ್ಟು ಜನರನ್ನು ಒಪ್ಪಿಸಲು ಸೆನೆಟ್ ಪಠ್ಯಕ್ಕೆ ಹೊಸ ಷರತ್ತುಗಳು ಸೇರಿದ್ದವು. ಹೌಸ್ ಪಾಸು ಮಾಡಿದ್ದು ಒಂದು, ಸೆನೆಟ್ ಪಾಸು ಮಾಡಿದ್ದು ಇನ್ನೊಂದು. ಎರಡೂ ಅಕ್ಷರಕ್ಕೆ ಅಕ್ಷರ ಒಂದೇ ಆಗದೆ ಅಧ್ಯಕ್ಷರ ಮೇಜಿಗೆ ಹೋಗುವುದಿಲ್ಲ. ಆ ಒಂದು ತಿಂಗಳು ದಿನಾ ಊಟದ ಬಿಡುವಿನಲ್ಲಿ ಕಾರಿನಲ್ಲಿ ಕೂತು ಫೋನ್ ಮಾಡಿದೆ. ಹೊಂದಾಣಿಕೆ ಆಗಲಿಲ್ಲ. 2021ರ ಜನವರಿ 3ಕ್ಕೆ ಆ ಕಾಂಗ್ರೆಸ್ಸಿನ ಅವಧಿ ಮುಗಿಯಿತು, ಮಸೂದೆಯೂ ಅದರ ಜೊತೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

2021ರಲ್ಲಿ ಮತ್ತೆ ಹೊಸ ಮಸೂದೆ. ಅಧ್ಯಕ್ಷ ಬೈಡನ್ ಆಡಳಿತ 2022ರ ಡಿಸೆಂಬರಿನಲ್ಲಿ ಲಿಖಿತವಾಗಿ ಬೆಂಬಲಿಸಿತು. ಹೌಸ್‌ನಲ್ಲಿ ಅವರ ಪಕ್ಷಕ್ಕೇ ಬಹುಮತ. ಆದರೂ ಅದು ಕೊನೆಯ ಓಟಿನ ತನಕ ಬರಲಿಲ್ಲ.

ನನ್ನ ಮಗಳಿಗೆ 2024ರಲ್ಲಿ 21 ತುಂಬಿತು. ಆ ವಯಸ್ಸಾದರೆ ಮಕ್ಕಳ ಲೆಕ್ಕಕ್ಕಿಲ್ಲ ಅಂತ ನಮ್ಮ ಅರ್ಜಿಯಿಂದ ಅವಳ ಹೆಸರು ಬಿದ್ದುಹೋಯಿತು. ಐದನೇ ವಯಸ್ಸಿನಿಂದ ಬೆಳೆದ ಊರಿನಲ್ಲಿ ಈಗ ವಿದ್ಯಾರ್ಥಿ ವೀಸಾದ ಮೇಲಿದ್ದಾಳೆ. ಕಳೆದ ಸಲ ವಾಷಿಂಗ್ಟನ್‌ಗೆ ಹೊರಟಾಗ ತಾನೂ ಬರ್ತೀನಿ ಅಂದಳು. ಮೂರು ಆಫೀಸಿನಲ್ಲಿ ತಾನೇ ಸಮಯ ಕೇಳಿ ತಗೊಂಡಿದ್ದಳು. ರೈಲಿನಲ್ಲಿ ತನ್ನ ಹಾಳೆ ತೋರಿಸಿದಳು. ಅಧ್ಯಕ್ಷರ ಹೆಸರು ಎಲ್ಲೂ ಇರಲಿಲ್ಲ. ಮೇಲ್ಗಡೆ ಪಿನ್‌ಕೋಡ್ ಇತ್ತು.