ಹೊಸ ನಿಯಮವನ್ನು ಬಿಲ್ ಬುಕ್ಕಿನವರೆಗೆ ತಲುಪಿಸುವ ಕೆಲಸ

ಕೊಡಗಿನ ಗೋಣಿಕೊಪ್ಪದಲ್ಲಿ ತೆರಿಗೆ ಮತ್ತು ಲೈಸೆನ್ಸ್ ಕೆಲಸ ನನ್ನ ವೃತ್ತಿ. ಹೋಮ್‌ಸ್ಟೇಯವರು, ಕಾಫಿ ಬೆಳೆಗಾರರು, ಕಾಫಿಪುಡಿ ಮತ್ತು ಮಸಾಲೆ ಅಂಗಡಿಯವರು, ಮನೆಯಲ್ಲೇ ಜೇನು ಪ್ಯಾಕ್ ಮಾಡಿ ಮಾರುವವರು ನನ್ನ ಹತ್ತಿರ ಬರುತ್ತಾರೆ. ನಿಯಮ ಬದಲಾಯಿತು ಎಂಬ ಸುದ್ದಿ ಅವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಅರ್ಧ ದಿನದೊಳಗೆ ಸಿಕ್ಕಿಬಿಡುತ್ತದೆ. ಅದು ಯಾರಿಗೆ ಅನ್ವಯ, ಯಾವ ತಾರೀಖಿನಿಂದ, ತಮ್ಮಲ್ಲಿರುವ ಯಾವ ಕಾಗದವನ್ನು ಬದಲಿಸಬೇಕು ಎಂಬುದು ಮಾತ್ರ ಸಿಗುವುದಿಲ್ಲ. ನನ್ನ ಕೆಲಸವೆಲ್ಲ ಅಲ್ಲೇ ಇರುವುದು.

2025ರ ಸೆಪ್ಟೆಂಬರ್ ತೆಗೆದುಕೊಳ್ಳಿ. 3ನೇ ತಾರೀಖು ಜಿಎಸ್‌ಟಿ ಮಂಡಳಿ ಸಭೆ ಮುಗಿಯುತ್ತಿದ್ದಂತೆ ಫೋನುಗಳು ಶುರುವಾದವು. "ಮೇಡಂ, ರೂಮಿಗೆ ಐದು ಪರ್ಸೆಂಟ್ ಆಯ್ತಂತೆ, ನಾಳೆಯಿಂದ ಐದೇ ಹಾಕಲಾ?" ದರ ಇಳಿದದ್ದು ನಿಜ, ಆದರೆ ಜಾರಿಗೆ ಬರುವುದು 22ರಿಂದ ಎಂದು ಎಲ್ಲರಿಗೂ ಹೇಳಿದೆ. 17ರಂದು ಅಧಿಸೂಚನೆ ಬಂದ ಮೇಲೆ ಕೂತು ಪೂರ್ತಿ ಓದಿದೆ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 12ರ ಬದಲು 5 ಪರ್ಸೆಂಟ್, ಆದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ, ಅಂದರೆ ಮಾಲೀಕರು ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವಂತಿಲ್ಲ. ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಈ ಎರಡನೇ ಭಾಗವೇ ಇರಲಿಲ್ಲ. 3,000 ರೂಪಾಯಿಯ ಕೋಣೆಗೆ ಅತಿಥಿ ಕೊಡುವ ತೆರಿಗೆ 360ರಿಂದ 150ಕ್ಕೆ ಇಳಿಯಿತು. ಲಾಂಡ್ರಿ, ಗೀಸರ್, ಹಾಸಿಗೆಯ ಬಿಲ್ಲಿನಲ್ಲಿ ಮಾಲೀಕರು ಕೊಡುವ ಜಿಎಸ್‌ಟಿ ಮಾತ್ರ ಇನ್ನು ಖರ್ಚಿಗೇ ಸೇರುತ್ತದೆ. ಮಳೆಗಾಲ ಮುಗಿದ ಮೇಲೆ ಕೋಣೆಗಳ ದುರಸ್ತಿ ಮಾಡಿಸಬೇಕೆಂದಿದ್ದವರಿಗೆ ಈ ಲೆಕ್ಕ ಮೊದಲೇ ಗೊತ್ತಿರಬೇಕಿತ್ತು.

ಆ 22ನೇ ತಾರೀಖೇ ನವರಾತ್ರಿಯ ಮೊದಲ ದಿನ. ಅಕ್ಟೋಬರ್ 2ರ ರಾತ್ರಿ ಮಡಿಕೇರಿಯಲ್ಲಿ ದಶಮಂಟಪಗಳ ಮೆರವಣಿಗೆ. ಅದನ್ನು ನೋಡಲು ಬರುವವರು ಆಗಸ್ಟ್‌ನಲ್ಲೇ ಮುಂಗಡ ಕೊಟ್ಟು ಕೋಣೆ ಹಿಡಿದಿದ್ದರು. ಯಾವ ದರ ಹಾಕಬೇಕು? ಸಿಜಿಎಸ್‌ಟಿ ಕಾಯ್ದೆಯ 14ನೇ ಸೆಕ್ಷನ್ ಇಂಥ ಸಂದರ್ಭಕ್ಕೆಂದೇ ಇದೆ. ವಾಸ, ಬಿಲ್, ಹಣ, ಈ ಮೂರರ ತಾರೀಖು ನೋಡಬೇಕು. ಮುಂಗಡ ಮೊದಲೇ ಬಂದಿದ್ದರೂ ವಾಸ ಮತ್ತು ಬಿಲ್ ಎರಡೂ 22ರ ನಂತರವಾದರೆ ಹೊಸ ದರ. ಬಿಲ್ಲೂ ಹಣವೂ ಎರಡೂ 22ಕ್ಕೆ ಮುಂಚೆಯೇ ಆಗಿದ್ದರೆ, ಅತಿಥಿ ದಸರಾಕ್ಕೆ ಬಂದರೂ ಹಳೇ ದರವೇ. ಬುಕಿಂಗ್ ರಿಜಿಸ್ಟರನ್ನು ಮೇಜಿನ ಮೇಲೆ ಬಿಡಿಸಿಟ್ಟು ಪ್ರತಿ ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ 5 ಅಥವಾ 12 ಎಂದು ಬರೆದೆವು. ಸೆಕ್ಷನ್ ನಂಬರು ನೆನಪಿಟ್ಟುಕೊಳ್ಳುವ ಗೋಜು ಮಾಲೀಕರಿಗೆ ಬೇಡ. ಪೆನ್ಸಿಲ್ ಗುರುತು ನೋಡಿ ಬಿಲ್ ಬರೆದರೆ ಸಾಕು.

ಇಂಥ ಕೆಲಸಕ್ಕೆ ಒಂದು ದಪ್ಪ ಪುಸ್ತಕ ಇಟ್ಟಿದ್ದೇನೆ. ಅದರಲ್ಲಿ ಕಾನೂನುವಾರು ಪಟ್ಟಿ ಇಲ್ಲ, ವ್ಯಾಪಾರವಾರು ಪುಟಗಳಿವೆ. ಹೋಮ್‌ಸ್ಟೇ ಪುಟದಲ್ಲಿ ಜಿಎಸ್‌ಟಿ, ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನಂಬರು, ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಕೊಡಬೇಕಾದ ಮಾಹಿತಿ, ಎಲ್ಲ ಒಟ್ಟಿಗಿವೆ. ಹೊಸ ಅಧಿಸೂಚನೆ ಬಂದಾಗ ಯಾವ ಯಾವ ಪುಟಕ್ಕೆ ಅದು ತಾಗುತ್ತದೆ ಎಂದು ನೋಡಿ, ಆ ಪುಟದವರಿಗಷ್ಟೇ ಫೋನ್ ಮಾಡುತ್ತೇನೆ. ಎಲ್ಲರಿಗೂ ಎಲ್ಲವನ್ನೂ ಕಳಿಸುತ್ತಾ ಹೋದರೆ ಯಾರೂ ಓದುವುದಿಲ್ಲ. ಮಂಡಳಿಯ ಶಿಫಾರಸು, ಕರಡು, ಅಧಿಸೂಚನೆ, ಜಾರಿಯ ದಿನ ಇವಕ್ಕೆ ಬೇರೆ ಬೇರೆ ಕಾಲಂ ಹಾಕಿದ್ದೇನೆ. ಜಾರಿಯ ದಿನದ ಕಾಲಂ ತುಂಬುವ ತನಕ ಲೇಬಲ್ ಅಚ್ಚು ಹಾಕಿಸಲು ಬಿಡುವುದಿಲ್ಲ, ಏಕೆಂದರೆ ಸಾವಿರಗಟ್ಟಲೆ ಸ್ಟಿಕ್ಕರ್ ವ್ಯರ್ಥವಾದರೆ ಸಣ್ಣ ಜೇನು ವ್ಯಾಪಾರಿಗೆ ಅದು ನಿಜವಾದ ನಷ್ಟ.

ಒಂದು ಸಣ್ಣ ಮಾತು, ಕೊಡಗಿನವರಿಗಷ್ಟೇ. ಜಿಎಸ್‌ಟಿಯ ಮಾಸಿಕ ರಿಟರ್ನ್ ಜಿಎಸ್‌ಟಿಆರ್-3ಬಿ ಸಲ್ಲಿಸಲು ಕೊನೆಯ ದಿನ ತಿಂಗಳ 20 ಎಂದರೂ ಜುಲೈ, ಆಗಸ್ಟ್‌ನಲ್ಲಿ ಅಷ್ಟು ದಿನ ಕಾಯಬೇಡಿ. ಗಾಳಿಮಳೆಗೆ ಮರ ಬಿದ್ದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ.

ಬೆಳೆಗಾರರ ಪುಟಕ್ಕೆ ಈಚೆಗೆ ಬಂದು ಸೇರಿರುವುದು ಯುರೋಪಿನ ಕಾನೂನು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿನ ಮಾರುಕಟ್ಟೆಗೆ ಹೋಗುವಂತಿಲ್ಲ. ಮೊದಲು 2024ರ ಡಿಸೆಂಬರ್ 30ಕ್ಕೆ ಎಂದರು, ಆಮೇಲೆ ಒಂದು ವರ್ಷ ಮುಂದೆ ಹೋಯಿತು, ಮತ್ತೆ 2026ರ ಡಿಸೆಂಬರ್ 30ಕ್ಕೆ ಹೋಯಿತು. ಅಲ್ಲಿನ ಸಣ್ಣ ಸಂಸ್ಥೆಗಳಿಗೆ ಇನ್ನೂ ಆರು ತಿಂಗಳು ಜಾಸ್ತಿ. ಪ್ರತಿ ಸಲ ಮುಂದಕ್ಕೆ ಹೋದಾಗಲೂ "ಇನ್ನು ಅದು ಬರಲ್ಲ ಬಿಡಿ" ಅನ್ನುವವರಿದ್ದಾರೆ. ಅವರ ಮಾತು ಕೇಳಿ ಕೈಕಟ್ಟಿ ಕೂರಬೇಡಿ ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಇದು ಕಾಡು ಕಡಿದ ಜಾಗದ ಕಾಫಿಯಲ್ಲ ಎಂಬ ಘೋಷಣೆ ಸಲ್ಲಿಸುವ ಹೊಣೆ ಯುರೋಪಿನ ಆಮದುದಾರರದ್ದು, ಸರಿ. ಆದರೆ ಅವರು ರಫ್ತುದಾರರನ್ನು ಕೇಳುತ್ತಾರೆ, ರಫ್ತುದಾರರು ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನವರನ್ನು ಕೇಳುತ್ತಾರೆ, ಕೊನೆಗೆ ತೋಟ ಎಲ್ಲಿದೆ ಎಂದು ಚೆರಿ ಮೂಟೆ ತಂದವರನ್ನೇ ಕೇಳುವುದು. ನಾಲ್ಕು ಹೆಕ್ಟೇರ್, ಅಂದರೆ ಸುಮಾರು ಹತ್ತು ಎಕರೆವರೆಗಿನ ತೋಟಕ್ಕೆ ನಕ್ಷೆಯಲ್ಲಿ ಒಂದು ಬಿಂದು ಸಾಕು. ಅದಕ್ಕಿಂತ ದೊಡ್ಡದಾದರೆ ಗಡಿ ಪೂರ್ತಿ ಗುರುತಿಸಬೇಕು.

ಗಡಿಗಿಂತ ಕಷ್ಟದ ಕೆಲಸ ಪಹಣಿಯದ್ದು. ಕೊಡಗಿನ ಕುಟುಂಬಗಳು ವಂಶಪಾರಂಪರ್ಯವಾಗಿ ಹೊಂದಿರುವ ಜಮ್ಮಾ ಜಮೀನಿನ ಎಷ್ಟೋ ಆರ್‌ಟಿಸಿಗಳಲ್ಲಿ ಇಂದಿಗೂ ಪಟ್ಟೇದಾರರಾಗಿದ್ದ ಅಜ್ಜನ ಹೆಸರೇ ಇದೆ. ಕಾಫಿ ಮಾರುವ ಮೊಮ್ಮಗನ ಹೆಸರು ಬೇರೆ, ಬ್ಯಾಂಕ್ ಖಾತೆಯ ಹೆಸರು ಬೇರೆ. ಹಾಗಾಗಿ ನಾನು ನಕ್ಷೆಯ ಜೊತೆಗೇ ವಂಶವೃಕ್ಷ, ಕುಟುಂಬದ ಪಾಲುಪಟ್ಟಿ, ಮಾರಾಟದ ರಸೀದಿಗಳನ್ನು ಒಂದೇ ಫೈಲಿಗೆ ಸೇರಿಸಿಡುತ್ತೇನೆ. ಕಾಫಿ ಮಂಡಳಿಯ ಆ್ಯಪ್‌ನಲ್ಲಿ ನೋಂದಣಿ ಮಾಡುವಾಗಲೂ ಈ ಫೈಲೇ ಎದುರಿಗಿರುತ್ತದೆ. ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ ಹಿರಿಯರು ಬದುಕಿರುವಾಗಲೇ ಅವರನ್ನು ಕೇಳಿ ವಂಶವೃಕ್ಷ ಬರೆಸಿಕೊಳ್ಳಿ. ಕಚೇರಿಯಲ್ಲಿ ಸಿಗದ ಹೆಸರುಗಳು ಅವರ ಬಾಯಲ್ಲಿವೆ.

ಈಗ ಪುಸ್ತಕದಲ್ಲಿ ತೆರೆದಿರುವ ಪುಟ ಕಾರ್ಮಿಕರದ್ದು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ಅವುಗಳಲ್ಲೇ ಸೇರಿಹೋಯಿತು. ನೇಮಕಾತಿ ಪತ್ರ ಕೊಡಬೇಕೆಂಬ ಮಾತು ಬಂದಾಗ ತೋಟದವರು ಹಿಂದೇಟು ಹಾಕುತ್ತಾರೆ. ಲೈನ್ ಮನೆಯಲ್ಲಿ ವರ್ಷಗಟ್ಟಲೆ ಇದ್ದು ದುಡಿದವರ ಕೈಯಲ್ಲಿ ತಮ್ಮ ಹೆಸರಿನ ಒಂದು ಕಾಗದವೂ ಇಲ್ಲದಿರುವುದನ್ನು ನೋಡಿದ್ದೇನೆ, ಅದಕ್ಕೇ ಈ ವಿಷಯದಲ್ಲಿ ನಾನು ಬಿಟ್ಟುಕೊಡುವುದಿಲ್ಲ. ಹೆಸರು, ಕೆಲಸ, ದಿನಗೂಲಿ, ಸೇರಿದ ತಾರೀಖು ಇರುವ ಒಂದು ಪುಟದ ಕನ್ನಡ ಮಾದರಿ ಮಾಡಿ ತೋಟದ ಲೆಕ್ಕ ಬರೆಯುವ ರೈಟರ್‌ಗಳಿಗೆ ಕೊಟ್ಟಿದ್ದೇನೆ. ಸಂಬಳದ ಪುಸ್ತಕದಿಂದಲೇ ನಕಲು ಮಾಡಬಹುದಾದ್ದರಿಂದ ಕೆಲವರು ಆಗಲೇ ತುಂಬಿಸಿ ತಂದಿದ್ದಾರೆ.