ಅನಾಟೊ ಬೀಜದಿಂದ ಬಣ್ಣ ತೆಗೆದ ನನ್ನ ಅನುಭವ

ಅನಾಟೊ ಎಂದರೆ ಬೀಜದಿಂದ ಅಡುಗೆಗೆ ಕಿತ್ತಳೆ ಬಣ್ಣ ಸಿಗುವ ಗಿಡ. ಬೀಜ ಹಾಕಿ ಎಬ್ಬಿಸಿದ ನನ್ನ ಗಿಡ ಮೂರನೇ ವರ್ಷಕ್ಕೆ ಹೂ ಬಿಟ್ಟಿತು. ತೆಳು ಗುಲಾಬಿ ಎಸಳು, ನಡುವೆ ಕೇಸರಗಳ ದಟ್ಟ ಕುಚ್ಚು. ನೋಡಿದವರೆಲ್ಲ ಬಣ್ಣ ಹೂವಿನಲ್ಲೇ ಇದೆ ಅಂದುಕೊಳ್ಳುತ್ತಾರೆ. ಬಣ್ಣ ಇರುವುದು ಮುಳ್ಳುಮುಳ್ಳಾದ ಕಾಯಿಯೊಳಗೆ, ಬೀಜಕ್ಕೆ ಮೆತ್ತಿದ ಮೇಣದಂಥ ಪದರದಲ್ಲಿ.

ಮೊದಲ ಕೊಯ್ಲಿನಲ್ಲೇ ಎಡವಿದೆ. ಕಾಯಿ ಕೆಂಪಗಾದದ್ದನ್ನೇ ಬಲಿತದ್ದು ಎಂದುಕೊಂಡು ಕಿತ್ತು ಡಬ್ಬಿಗೆ ತುಂಬಿದೆ; ವಾರದೊಳಗೆ ಬೂಷ್ಟು ಹಿಡಿಯಿತು. ಈಗ ಕಾಯಿ ಕಂದಾಗಿ ಒಣಗಿ, ಎರಡು ಹೋಳಾಗಿ ಬಾಯಿ ಬಿಡುವವರೆಗೂ ಮುಟ್ಟುವುದಿಲ್ಲ. ಬಿಡಿಸಿದ ಬೀಜವನ್ನು ನೆರಳಲ್ಲೇ ಒಣಗಿಸುತ್ತೇನೆ, ಈ ಬಣ್ಣ ಬೆಳಕಿಗೆ ಬೇಗ ಮಾಸುತ್ತದೆ.

ನನ್ನನ್ನು ಹೆಚ್ಚು ಸತಾಯಿಸಿದ್ದು ಬಣ್ಣ ಇಳಿಸುವ ಕೆಲಸ. ಬೀಜವನ್ನು ನೀರಲ್ಲಿ ನೆನೆಸಿ ಉಜ್ಜಿದೆ. ನೀರು ಕೆಂಪಾಯಿತು, ಖುಷಿಯೂ ಆಯಿತು. ರಾತ್ರಿ ಕಳೆದು ನೋಡಿದರೆ ತಳದಲ್ಲಿ ಕೆಸರಿನಂತೆ ಕೂತಿದೆ, ಮೇಲೆ ಬರೀ ತೆಳು ಹಳದಿ ನೀರು. ಇದರ ಮುಖ್ಯ ಬಣ್ಣ ಬಿಕ್ಸಿನ್. ಅದು ಎಣ್ಣೆಗೆ ಒಲಿಯುತ್ತದೆಯೇ ಹೊರತು ನೀರಿಗಲ್ಲ.

ಸರಿ, ಎಣ್ಣೆಗೇ ಹಾಕೋಣ ಎಂದು ಬಾಣಲೆ ಹೊಗೆಯಾಡುವಷ್ಟು ಕಾಯಿಸಿ ಬೀಜ ಸುರಿದೆ. ಕಣ್ಣ ಮುಂದೆಯೇ ಕಪ್ಪಾಯಿತು. ಸಿಕ್ಕಿದ್ದು ಕಂದು ಎಣ್ಣೆ, ಬಾಯಿಗಿಟ್ಟರೆ ಕಹಿ. ಅಷ್ಟೂ ಚೆಲ್ಲಿದೆ. ಈಗ ಒಂದು ಭಾಗ ಬೀಜಕ್ಕೆ ನಾಲ್ಕು ಭಾಗ ಎಣ್ಣೆ ತಣ್ಣಗಿರುವಾಗಲೇ ಸೇರಿಸಿ, ಸಣ್ಣ ಉರಿಯಲ್ಲಿಡುತ್ತೇನೆ. ಬೀಜದ ಸುತ್ತ ಸಣ್ಣ ಗುಳ್ಳೆ ಏಳತೊಡಗಿ ಎಣ್ಣೆ ಕಿತ್ತಳೆಗೆ ತಿರುಗಿದ ಕೂಡಲೇ ಇಳಿಸಿ, ಹಾಗೇ ಆರಲು ಬಿಟ್ಟು ಸೋಸುತ್ತೇನೆ. ಬಾಟಲಿ ಸದಾ ಕತ್ತಲಲ್ಲಿ. ಅರ್ಧ ಚಮಚ ಸಾಕು, ಒಂದು ಪಾತ್ರೆ ಅನ್ನ ಬಂಗಾರದ ಬಣ್ಣಕ್ಕೆ ಬರುತ್ತದೆ. ರುಚಿಯ ಆಸೆಗೆ ಹೆಚ್ಚು ಸುರಿದರೆ ಮಣ್ಣಿನ ವಾಸನೆ ಮುಂದಾಗುತ್ತದೆ. ಕೇಸರಿಗೆ ಬದಲಿ ಅಂತ ಹೇಳುವವರಿದ್ದಾರೆ. ಬಣ್ಣದ ಮಟ್ಟಿಗೆ ಒಪ್ಪುತ್ತೇನೆ, ಪರಿಮಳದ ಮಾತು ಬೇಡ.

ಎಣ್ಣೆ ಬೇಡದ ಕಡೆಗೆ ಬೇರೆ ದಾರಿ ಇದೆ. ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಬೀಜ ಕುದಿಸಿದರೆ, ಕ್ಷಾರದಲ್ಲಿ ಬಿಕ್ಸಿನ್ ನಾರ್‌ಬಿಕ್ಸಿನ್ ಆಗುತ್ತಾ ನೀರಿಗಿಳಿಯುತ್ತದೆ. ಚೀಸ್‌ಗೆ ಬಣ್ಣ ಕೊಡುವುದು ಇದೇ ನಾರ್‌ಬಿಕ್ಸಿನ್. ತಿಂಡಿ ಪೊಟ್ಟಣದ ಮೇಲೆ ಕಾಣುವ ಇ160ಬಿ ಎಂಬ ಆಹಾರ ಬಣ್ಣದ ಸಂಕೇತ ಅನಾಟೊದ್ದು. ಈ ನೀರನ್ನು ನಿಂಬೆ ಪಾನಕಕ್ಕೆ ಬೆರೆಸಲು ಹೋಗಿ ಮತ್ತೆ ಪೆಟ್ಟು ತಿಂದೆ: ಹುಳಿ ತಗುಲಿದ್ದೇ ತಡ, ಬಣ್ಣ ಒಡೆದು ಲೋಟದ ತಳ ಸೇರಿತು. ಹುಳಿಯ ಪದಾರ್ಥಕ್ಕೆ ಈಗ ನಾನು ಇದನ್ನು ಹಾಕುವುದೇ ಇಲ್ಲ.

ಬೀಜ ಬಿಡಿಸುವ ದಿನ ಹಳೆಯ ಬಟ್ಟೆ ಉಟ್ಟುಕೊಳ್ಳಿ. ಸೋಪಿಗೆ ಜಗ್ಗದ ಬೆರಳಿನ ಕಲೆಗೆ ಮೊದಲು ಎಣ್ಣೆ ಸವರಿ ತಿಕ್ಕಬೇಕು. ನನ್ನ ಮರದ ಸೌಟು ಮಾತ್ರ ಇವತ್ತಿಗೂ ಕಿತ್ತಳೆ ಬಣ್ಣದ್ದೇ.